ಶನಿವಾರ ಸಂತಿಗೆ ಬಾ, ತಂಗಿ

ತಂಗಿ,

ನೀ ಬರದದ್ದು ಧಾರವಾಡದಾಗ ಕೂತು ಓದಿದೆ. ರಜಾ ಹಾಕಿ ಮಾಳಮಡ್ಡಿ ಮನಿಗೆ ಬಂದು ಮೂರು ವಾರ ಆತು. ಹೊರಗ ಜಿಟಿಜಿಟಿ ಮಳಿ, ಒಳಗ ಅವ್ವ ರೊಟ್ಟಿ ಬಡಿಯೋ ಸಪ್ಪಳ. "ಅಕ್ಕಾರ, ಮ್ಯೂನಿಕ್‌ಗೆ ಬಂದು ನಾಕು ತಿಂಗಳಾತು. ಇವರು ಆಫೀಸಿಗೆ ಹೋದ್ರ ಸಂಜಿತನಕ ನಾ ಒಬ್ಬಾಕಿನ. ಭಾಷಾ ಬರೂದಿಲ್ಲ, ರೊಟ್ಟಿ ಬಡದ್ರ ಹರೀತಾವ. ಹುಬ್ಬಳ್ಳಿ ಸಾಲಿ ಕೆಲಸ ಬಿಟ್ಟು ಬಂದದ್ದು ತಪ್ಪಾತೇನು? ನೀವು ಇಲ್ಲೆ 19 ವರ್ಷ ಹೆಂಗ ಕಳದ್ರಿ?" ಅಂತ ಕೇಳಿದ್ದಿ.

ವೀಸಾ, ಇನ್ಶೂರನ್ಸ್, ಭಾಷಾ ಕ್ಲಾಸಿನ ವಿಚಾರ ಹೇಳವರು ಅಲ್ಲೆ ಭಾಳ ಮಂದಿ ಇದ್ದಾರ. ನಾ ನಿನಗ ಒಂದು ಪುಸ್ತಕದ ಮಾತು ಹೇಳ್ತೀನಿ. ಜೂಲಿಯಾ ಚೈಲ್ಡ್ ಅಂತ ಅಮೆರಿಕಾದಾಗ ಅಡಗಿಗೆ ಹೆಸರಾದಾಕಿ. ಆಕಿ ನೆನಪಿನ ಪುಸ್ತಕ 'ಮೈ ಲೈಫ್ ಇನ್ ಫ್ರಾನ್ಸ್'. 2004ರಾಗ ಆಕಿ ತೀರಿಕೊಂಡ್ಲು, ಪುಸ್ತಕ ಬಂದದ್ದು 2006ರಾಗ. ಆಕಿ ಹೇಳಿದ್ದನ್ನೆಲ್ಲಾ ಕೇಳಿ ಬರಕೊಂಡು ಪೂರ್ತಿ ಮಾಡಿದಾಂವ ಗಂಡನ ಅವಳಿ ಸೋದರನ ಮೊಮ್ಮಗ, ಅಲೆಕ್ಸ್ ಪ್ರುಡಾಮ್.

1948ರ ನವೆಂಬರ್‌ದಾಗ ಗಂಡನ ನೌಕರಿ ಸಂಬಂಧ ಹಡಗದಾಗ ಬಂದು ಫ್ರಾನ್ಸಿನ ದಂಡಿಗೆ ಇಳದಾಗ ಆಕಿಗೆ 36 ವರ್ಷ. ಫ್ರೆಂಚ್ ಬರ್ತಿದ್ದಿಲ್ಲ, ಅಡಗಿನೂ ಅಷ್ಟಕ್ಕಷ್ಟ, ಕೈಯಾಗ ಕೆಲಸ ಇಲ್ಲ. ನಿನ್ನ ಪತ್ರ ಓದಿದ ಕೂಡಲೆ ನನಗ ಆಕಿನ ನೆನಪಾದ್ಲು.

ಪ್ಯಾರಿಸ್‌ಗೆ ಹೋಗೋ ದಾರಿಯೊಳಗ ರೂಆಂ ಊರಿನ 'ಲಾ ಕೂರಾನ್' ಅನ್ನೋ ಹಳೇ ಖಾನಾವಳಿಯೊಳಗ ಮೊದಲನೇ ಊಟ. ಬೆಣ್ಣಿಯೊಳಗ ಕರದ ಸೋಲ್ ಮೀನು. ನಾವು ಮೀನ ಮುಟ್ಟದ ಮಂದಿ, ಆದ್ರೂ ಮೊನ್ನೆ ಆ ಪುಟ ಅವ್ವಗ ಕನ್ನಡದಾಗ ಹೇಳಿದೆ. ಅವ್ವ ಒಲಿ ಸಣ್ಣ ಮಾಡಿ, ಹಿಟ್ಟಿನ ಕೈ ಹಂಗ ಎತ್ತಿ ಹಿಡಕೊಂಡು ಕೇಳಿದ್ಲು. ಮುಗದ ಮ್ಯಾಲೆ ಒಂದ ಮಾತು: "ಬೆಣ್ಣಿ ಎಷ್ಟೊತ್ತು ಕಾಸಿದ್ರಂತ?" ಆ ಪುಸ್ತಕದ ರುಚಿನ ಅದು. ಓದಕೋತ ಓದಕೋತ ನಮ್ಮ ಕೈಯೂ ಕೆಲಸಕ್ಕ ಹತ್ತತದ.

ಪ್ಯಾರಿಸ್‌ದಾಗ ಜೂಲಿಯಾಗ ಕಲಿಸಿದವರೊಳಗ ಒಬ್ಬಾಕಿ ಕಾಯಿಪಲ್ಲೆ ಮಾರಾಕಿ. ಎಲ್ಲಾರೂ ಆಕಿಗೆ 'ಮರಿ ದೆ ಕಾತ್ರ್ ಸೆಜೋಂ' ಅಂತಿದ್ರು, ಅಂದ್ರ ನಾಕು ಋತುಗಳ ಮರಿ; ಮರಿ ಅನ್ನೂದು ಹೆಂಗಸಿನ ಹೆಸರು. ಯಾವ ಪಲ್ಲೆ ಯಾವಾಗ ತಿನ್ನಬೇಕು, ಒಳ್ಳೇದು ಹೆಂಗ ಗುರ್ತು ಹಿಡೀಬೇಕು, ಓಣಿಯೊಳಗ ಏನು ನಡದದ, ಎಲ್ಲಾ ಆಕಿ ಗಾಡಿ ಮುಂದ ನಿಂತ ಕಲತದ್ದು. ಇದನ್ನ ಓದಿದಾಗ ನಾ ಮ್ಯೂನಿಕ್‌ಗೆ ಬಂದು ಎಂಟು ತಿಂಗಳಾಗಿತ್ತು. ಆ ಎಂಟು ತಿಂಗಳು ಪಾಕೀಟು ಎತ್ತಿಕೊಂಡು, ರೊಕ್ಕಾ ಕೊಟ್ಟು, ಬಾಯಿ ತಗೀದ ಮನಿಗೆ ಬಂದಾಕಿ ನಾನು. ಸೂಟ್‌ಕೇಸಿನಾಗಿನ ಉಪ್ಪಿನಕಾಯಿ, ಶೇಂಗಾ ಚಟ್ನಿ ಮ್ಯಾಲೆ ದಿನಾ ನೂಕಿದ್ದೆ.

ಮುಂದಿನ ಶನಿವಾರ ಸಂತಿಗೆ ಹೋದೆ. ಸಬ್ಬಸಗಿ ಇತ್ತು, ಅಲ್ಲೆ ಅದಕ್ಕ 'ಡಿಲ್' ಅಂತಾರ. ನಾಕು ಸಿವುಡು ತಗೊಂಡೆ. ಅವರು ಸೌತಿಕಾಯಿ ಮ್ಯಾಲೋ ಮೀನಿನ ಮ್ಯಾಲೋ ಚೂರು ಉದರಸೋ ಮಂದಿ, ಮಾರೋ ಮುದುಕ ಹುಬ್ಬ ಏರಿಸಿ ಏನೋ ಕೇಳಿದ. ಬಂದಷ್ಟು ಜರ್ಮನ್, ಉಳದದ್ದು ಕೈಸನ್ನಿ: ಹೆಸರಬ್ಯಾಳಿ, ಬೆಳ್ಳೊಳ್ಳಿ, ಒಗ್ಗರಣಿ. ಆತ ಪೂರಾ ಕೇಳಿದ. ಮರುವಾರ ನನ್ನ ಕಂಡ ಕೂಡಲೆ ಹಲಗಿ ಕೆಳಗಿಂದ ನಾಕು ಸಿವುಡು ತಗದಿಟ್ಟ. ಮನಿಗೆ ಬಂದು ಫೋನ್ ಹಚ್ಚಿ ಅವ್ವಗ ಹೇಳೋ ಮುಂದ ಕಣ್ಣಾಗ ನೀರ ಬಂದ್ವು.

ಈಗ ರೊಟ್ಟಿ. ನೀ ತಂದದ್ದು 'ಹಿರ್ಸೆ' ಹಿಟ್ಟಲ್ಲ? ಅದು ಜೋಳ ಅಲ್ಲ ತಂಗಿ, ಬರಗು. ಪಾಕೀಟಿನ ಮ್ಯಾಲೆ 'ಸೋರ್ಗುಮ್' ಅಂತ ಇರಬೇಕು. ಜೋಳದ ಹಿಟ್ಟಿನಾಗ ಗೋಧಿಯೊಳಗಿನ ಗ್ಲುಟನ್ ಅನ್ನೋ ಅಂಟು ಇಲ್ಲ. ಕುದಿಯೋ ಎಸರು ಹಾಕಿದಾಗ ಪಿಷ್ಟ ಅರೆಬರೆ ಬೆಂದು ಜಿಗಿ ಬರ್ತದ, ಅದರ ಮ್ಯಾಲೆನ ರೊಟ್ಟಿ ನಿಲ್ಲೂದು. ನೀರು ಬರೇ ಬೆಚ್ಚಗಿದ್ರ ಸಾಲೂದಿಲ್ಲ. ಹಿಟ್ಟು ಹಳೇದಾಗಿದ್ರೂ ಹರೀತದ. ಚಪಾತಿಗೆ ಟೈಪ್ 405 ಅನ್ನೋ ಗೋಧಿ ಹಿಟ್ಟು ತರಬ್ಯಾಡ, ಅದು ಮೈದಾದಂಥಾದ್ದು. ಆ ಅಂಕಿ 100 ಗ್ರಾಂ ಹಿಟ್ಟು ಸುಟ್ರ ಎಷ್ಟು ಮಿಲಿಗ್ರಾಂ ಬೂದಿ ಉಳೀತದ ಅನ್ನೋ ಲೆಕ್ಕ. ಅಂಕಿ ದೊಡ್ಡದಾದಂಗ ತೌಡಿನ ಅಂಶ ಹೆಚ್ಚು. 1050 ತಾ.

ಹಿಟ್ಟಿನ ಈ ಗುದ್ದಾಟ ಜೂಲಿಯಾನೂ ಮಾಡ್ಯಾಳ. ಫ್ರೆಂಚ್ ಬ್ರೆಡ್ಡನ್ನ ಅಮೆರಿಕಾದ ಹಿಟ್ಟಿನಾಗ, ಮನಿ ಒಲಿಯೊಳಗ ಮಾಡಬೇಕಂತ ಗಂಡ ಹೆಂಡತಿ ಎರಡು ವರ್ಷ ಕೂತ್ರು, 284 ಪೌಂಡ್ ಹಿಟ್ಟು ಹೋತು. ಕಡಿಕೆ ಪ್ಯಾರಿಸ್‌ಗೆ ಹೋಗಿ ಪ್ರೊಫೆಸರ್ ರೇಮೊಂ ಕಾಲ್ವೆಲ್ ಕಡೆ ಒಂದು ಮಧ್ಯಾಹ್ನ ಕಲತ ಮ್ಯಾಲೆ ತಪ್ಪು ಎಲ್ಲೆ ಆಗಿತ್ತು ಅಂತ ತಿಳೀತು. ಒಲಿಯೊಳಗ ಕಾದ ಹಂಚು ಇಡೂದು, ಉಗಿ ಏಳಲಿ ಅಂತ ಕಾಸಿದ ಕಲ್ಲು ನೀರಾಗ ಬಿಡೂದು, ಓದಿದ್ರ ನಮ್ಮ ಅಡಗಿಮನಿ ಕಣ್ಣ ಮುಂದ ಬರ್ತದ. ಪುಸ್ತಕದಾಗ ನನಗ ಎಲ್ಲಾಕಿಂತ ಪ್ರೀತಿಯ ಭಾಗ ಅದ.

ಸಾಲಿ ಕೆಲಸ ಬಿಟ್ಟದ್ದಕ್ಕ ಒಂದು ಮಾತು. ಅಡಗಿ ಸಾಲಿ 'ಲೆ ಕೊರ್ಡಾನ್ ಬ್ಲೂ' ಪರೀಕ್ಷಾದಾಗ ಆಕಿ ಮೊದಲನೇ ಸಲ ಫೇಲಾದ್ಲು, ಅದನ್ನ ಮುಚ್ಚಿಟ್ಟಿಲ್ಲ. ಇಬ್ಬರು ಫ್ರೆಂಚ್ ಗೆಳತ್ಯಾರ ಜೋಡಿ ಬರದ ಅಡಗಿ ಪುಸ್ತಕಾನ ಮೊದಲನೇ ಪ್ರಕಾಶಕರು ಒಲ್ಲೆ ಅಂದ್ರು. 1961ರಾಗ ಅದು ಹೊರಗ ಬಂದಾಗ ಆಕಿಗೆ 49. ನಿನಗಿನ್ನೂ 28.

ಬರೋ ತಿಂಗಳು ಹೊಂಡತೀನಿ. ಪೇಢೆ ತರಂಗಿಲ್ಲ, ಹಾಲಿನ ಪದಾರ್ಥ ಅಲ್ಲೆ ಬಿಡೂದಿಲ್ಲ. ಮಾಲ್ದಂಡಿ ಜೋಳ ಗಿರಣಿಗೆ ಹಾಕಿಸಿ ಎರಡು ಕಿಲೋ ಹಿಟ್ಟು, ಆಮ್ಯಾಲೆ ಈ ಪುಸ್ತಕ ತರ್ತೀನಿ. ಬ್ರೆಡ್ಡಿನ ಪುಟಗಳಿಗೆ ನನ್ನ ಕೈಯಾಗಿನ ಎಣ್ಣಿ ಹತ್ತ್ಯದ. ಬಂದ ವಾರದ ಶನಿವಾರ ಮುಂಜಾನೆ ಎಂಟಕ್ಕ ಚೀಲಾ ಹಿಡಕೊಂಡು ಬಾ. ಸಬ್ಬಸಗಿ ನೀನ ಕೇಳಬೇಕು, ನಾ ಬಾಜೂಕ ನಿಂತಿರ್ತೀನಿ.

ನಿನ್ನ ಅಕ್ಕ