ಕಾಲೇಜಿನ ಜಿಪಿಎ ಕಡಿಮೆ ಇದ್ದವರು ಸಿಪಿಎ ಪಾಸಾಗಬಹುದೇ? ಗ್ರೇಡಿಗೂ ಆ ಪರೀಕ್ಷೆಗೂ ಸಂಬಂಧ ಎಷ್ಟು?

ನೀವು ಕೇಳಿರುವುದು ಎರಡು ಪ್ರಶ್ನೆ. ಅಮೆರಿಕದ ಕಾಲೇಜಿನಲ್ಲಿ ಅಕೌಂಟಿಂಗ್ ಓದಿ 2.9 ಜಿಪಿಎ (4ರ ಮಾಪನದಲ್ಲಿ ಎಲ್ಲ ಗ್ರೇಡುಗಳ ಸರಾಸರಿ) ತೆಗೆದ ನಿಮಗೆ ಸಿಪಿಎ, ಅಂದರೆ ಅಲ್ಲಿನ ಅಕೌಂಟೆಂಟರ ಪರವಾನಗಿ ಪರೀಕ್ಷೆ, ಆಗುತ್ತದೆಯೇ ಅನ್ನುವುದು ಒಂದು. 3.8 ತೆಗೆದ ನಿಮ್ಮ ಸಹಪಾಠಿ ಅದರ ಫಾರ್ (ಹಣಕಾಸು ಅಕೌಂಟಿಂಗ್ ಮತ್ತು ವರದಿ) ವಿಭಾಗದಲ್ಲಿ ಎರಡು ಸಲ ಫೇಲಾದದ್ದು ಹೇಗೆ ಅನ್ನುವುದು ಇನ್ನೊಂದು. ಎರಡನೆಯದಕ್ಕೆ ಉತ್ತರ ಸಿಕ್ಕರೆ ಮೊದಲನೆಯದಕ್ಕೂ ಸಿಕ್ಕಂತೆಯೇ.

ನಿಯಮದ ಮಾತನ್ನು ಬೇಗ ಮುಗಿಸುತ್ತೇನೆ. ರಾಜ್ಯದ ಅಕೌಂಟೆನ್ಸಿ ಬೋರ್ಡ್ ಮುಖ್ಯವಾಗಿ ನೋಡುವುದು ಪದವಿ ಇದೆಯೇ, ಅಕೌಂಟಿಂಗ್ ಮತ್ತು ಬಿಸಿನೆಸ್ ವಿಷಯಗಳಲ್ಲಿ ಬೇಕಾದಷ್ಟು ಕ್ರೆಡಿಟ್ ಇದೆಯೇ ಎಂಬುದನ್ನು. ಒಟ್ಟು ಜಿಪಿಎ ಇಷ್ಟಿರಲೇಬೇಕು ಎಂಬ ದೇಶವ್ಯಾಪಿ ಗೆರೆ ಇಲ್ಲ. ಯಾವುದಾದರೂ ಕೋರ್ಸಿಗೆ ಕನಿಷ್ಠ ಗ್ರೇಡ್ ಕೇಳುತ್ತಾರೆಯೇ ಎಂದು ನಿಮ್ಮ ರಾಜ್ಯದ ಬೋರ್ಡಿನ ವೆಬ್‌ಸೈಟಿನಲ್ಲಿ ಒಮ್ಮೆ ನೋಡಿಕೊಳ್ಳಿ, ಸಾಕು.

ಇನ್ನು ಸಂಬಂಧದ ವಿಷಯ. ಜಿಪಿಎ ಹೆಚ್ಚಿರುವವರ ಗುಂಪು ಹೆಚ್ಚು ಪಾಸಾಗುತ್ತದೆ. ಅಧ್ಯಯನಗಳು ಒಟ್ಟಾರೆ ಹೇಳುವುದು ಇದನ್ನೇ. ಇದನ್ನು ಅಲ್ಲಗಳೆದರೆ ನಿಮಗೆ ಸುಳ್ಳು ಸಮಾಧಾನ ಹೇಳಿದಂತಾಗುತ್ತದೆ. ಆದರೆ ಗುಂಪಿನ ಬಗ್ಗೆ ನಿಜವಾದದ್ದು ಒಬ್ಬೊಬ್ಬರ ವಿಷಯದಲ್ಲೂ ನಿಜವಾಗಬೇಕಿಲ್ಲ, ಅದರಲ್ಲೂ ಜಿಪಿಎಯಂಥ ಕಲಸುಮೇಲೋಗರದ ಸಂಖ್ಯೆಯಲ್ಲಿ. ಲೆಕ್ಕ ಹಾಕಿ ನೋಡಿ. 120 ಕ್ರೆಡಿಟ್‌ನ ಪದವಿಯಲ್ಲಿ ಫಾರ್‌ಗೆ ಉಪಯೋಗಕ್ಕೆ ಬರುವುದು ಇಂಟರ್‌ಮೀಡಿಯೇಟ್ ಅಕೌಂಟಿಂಗಿನ ಎರಡು ಕೋರ್ಸ್, ಸರ್ಕಾರಿ ಮತ್ತು ಲಾಭರಹಿತ ಸಂಸ್ಥೆಗಳ ಅಕೌಂಟಿಂಗ್, ಅಡ್ವಾನ್ಸ್ಡ್ ಅಕೌಂಟಿಂಗಿನ ಒಂದಷ್ಟು ಭಾಗ. ತಲಾ 3 ಕ್ರೆಡಿಟ್ ಹಿಡಿದರೆ 12, ಅಂದರೆ ಇಡೀ ಪದವಿಯ ಹತ್ತರಲ್ಲೊಂದು ಪಾಲು. ಈ 12ರಲ್ಲಿ ಬಿ-ಮೈನಸ್ (2.7) ತೆಗೆದು ಉಳಿದ 108ರಲ್ಲಿ ಸರಾಸರಿ 3.92 ತೆಗೆದವರ ಜಿಪಿಎ 3.8. ಅದೇ 12ರಲ್ಲಿ ಎ-ಮೈನಸ್ (3.7) ತೆಗೆದು, ಮೊದಲ ವರ್ಷದ ಕೆಮಿಸ್ಟ್ರಿ, ಇತಿಹಾಸ ಎಲ್ಲ ಸೇರಿ ಉಳಿದದ್ದರಲ್ಲಿ 2.81ಕ್ಕೆ ನಿಂತವರ ಜಿಪಿಎ 2.9. ಫಾರ್‌ಗೆ ಕೂತಾಗ ಇವರಿಬ್ಬರಲ್ಲಿ ಯಾರ ತಳಪಾಯ ಗಟ್ಟಿ ಎಂದು ಬೇರೆ ಹೇಳಬೇಕಿಲ್ಲ.

ಹಾಗಾಗಿ ಟ್ರಾನ್ಸ್‌ಕ್ರಿಪ್ಟಿನ ಕೊನೆಯ ಸಾಲನ್ನು ಬಿಟ್ಟು ಒಳಗಿನ ಸಾಲುಗಳನ್ನು ನೋಡಿ. ಅಲ್ಲೂ ಗ್ರೇಡನ್ನು ಹಾಗೆಯೇ ನಂಬುವಂತಿಲ್ಲ. ಅನೇಕ ಕಾಲೇಜುಗಳಲ್ಲಿ ಗ್ರೇಡನ್ನು ತರಗತಿಯ ಮಟ್ಟಕ್ಕೆ ಹೊಂದಿಸಿ ಕೊಡುತ್ತಾರೆ. ಪ್ರಶ್ನೆಪತ್ರಿಕೆ ಕಷ್ಟವಾಗಿ ಎಲ್ಲರೂ 60ರ ಆಸುಪಾಸಿನಲ್ಲಿದ್ದರೆ 68 ಬಂದವರಿಗೂ ಎ ಸಿಗಬಹುದು. ಸಿಪಿಎಯಲ್ಲಿ ಪಕ್ಕದ ಕುರ್ಚಿಯವರು ಎಷ್ಟು ತೆಗೆದರು ಎಂಬುದು ಲೆಕ್ಕಕ್ಕಿಲ್ಲ. 0ರಿಂದ 99ರ ಮಾಪನದಲ್ಲಿ 75 ಮುಟ್ಟಬೇಕು, ಅಷ್ಟೆ. ಆ 75 ಶೇಕಡಾವಾರು ಅಲ್ಲ ಎಂಬುದೂ ಗೊತ್ತಿರಲಿ. ಪ್ರಶ್ನೆಗಳ ಕಷ್ಟವನ್ನು ಪರಿಗಣಿಸಿ ಮಾಪನಕ್ಕೆ ಇಳಿಸಿದ ಅಂಕ ಅದು. ಹೋಮ್‌ವರ್ಕ್, ಗುಂಪು ಪ್ರಾಜೆಕ್ಟ್, ಹಾಜರಾತಿ ಸೇರಿ ಬಂದ ಎ ಒಂದು, ಕೊನೆಯ ಪರೀಕ್ಷೆಯ ಬಲದ ಮೇಲೆ ಬಂದ ಬಿ ಇನ್ನೊಂದು. ನಾನಂತೂ ಎರಡನೆಯದಕ್ಕೇ ಹೆಚ್ಚು ಬೆಲೆ ಕೊಡುತ್ತೇನೆ.

ಕೋರ್ಸ್ ಮುಗಿದು ಎಷ್ಟು ಕಾಲವಾಯಿತು ಎಂಬುದೂ ಗ್ರೇಡಿನಷ್ಟೇ ಮುಖ್ಯ. ಮರೆವು ಒಂದು ಕಡೆ, ನಿಯಮವೇ ಬದಲಾಗುವುದು ಇನ್ನೊಂದು ಕಡೆ. ಆದಾಯ ಗುರುತಿಸುವ ಅಕೌಂಟಿಂಗ್ ನಿಯಮ ಎಎಸ್‌ಸಿ 606 ಸಾರ್ವಜನಿಕ ಕಂಪನಿಗಳಿಗೆ 2018ರಲ್ಲಿ, ಲೀಸ್‌ನ ಎಎಸ್‌ಸಿ 842 ಅವಕ್ಕೇ 2019ರಲ್ಲಿ ಜಾರಿಗೆ ಬಂತು. 2015ರಲ್ಲಿ ಇಂಟರ್‌ಮೀಡಿಯೇಟಿನಲ್ಲಿ ಎ ತೆಗೆದವರು ಆಪರೇಟಿಂಗ್ ಲೀಸ್ ಬ್ಯಾಲೆನ್ಸ್ ಶೀಟಿಗೆ ಬರುವುದಿಲ್ಲ ಎಂದು ಕಲಿತಿರುತ್ತಾರೆ. ಇವತ್ತು ಆ ಉತ್ತರ ತಪ್ಪು. ಲೀಸ್ ಪಡೆದವರು ಹನ್ನೆರಡು ತಿಂಗಳು ಮೀರಿದ ಲೀಸ್‌ಗೆ ಬಳಕೆಯ ಹಕ್ಕನ್ನು ಆಸ್ತಿಯಾಗಿಯೂ ಕೊಡಬೇಕಾದ್ದನ್ನು ಹೊಣೆಯಾಗಿಯೂ ತೋರಿಸಲೇಬೇಕು. ಟ್ಯಾಕ್ಸ್ ಕೋರ್ಸುಗಳಂತೂ ಇನ್ನೂ ಬೇಗ ಹಳಸುತ್ತವೆ.

ಆದರೆ ನಿಮ್ಮ ಸಹಪಾಠಿಯಂಥವರು ಎಡವುವ ದೊಡ್ಡ ಜಾಗ ಇದಾವುದೂ ಅಲ್ಲ. ಕಾಲೇಜಿನ ಪರೀಕ್ಷೆ ಒಂದು ಬಗೆಯದು, ಇದು ಇನ್ನೊಂದು ಬಗೆಯದು. ಫಾರ್‌ನ ಅಧಿಕೃತ ಬ್ಲೂಪ್ರಿಂಟ್ ಪ್ರಕಾರ ಬರೀ ನೆನಪು ಮತ್ತು ಅರ್ಥವನ್ನು ಪರೀಕ್ಷಿಸುವ ಪಾಲು 5ರಿಂದ 15 ಶೇಕಡಾ ಮಾತ್ರ. ಉಳಿದದ್ದೆಲ್ಲ ಅನ್ವಯ ಮತ್ತು ವಿಶ್ಲೇಷಣೆ. ಅಂಕದಲ್ಲಿ ಅರ್ಧ ಬಹುಆಯ್ಕೆ ಪ್ರಶ್ನೆಗಳಿಗೆ, ಇನ್ನರ್ಧ ಸಿಮ್ಯುಲೇಶನ್‌ಗಳಿಗೆ. ಸಿಮ್ಯುಲೇಶನ್ ಎಂದರೆ ಇಮೇಲ್, ಇನ್‌ವಾಯ್ಸ್, ಟ್ರಯಲ್ ಬ್ಯಾಲೆನ್ಸ್, ಒಪ್ಪಂದದ ತುಣುಕು ಇವೆಲ್ಲವನ್ನೂ ಮುಂದೆ ಹರಡಿ, ಬೇಕಾದ್ದನ್ನು ನೀವೇ ಆರಿಸಿಕೊಂಡು ಕೋಶಗಳನ್ನು ತುಂಬಿ ಎನ್ನುವುದು. ಕೊಟ್ಟದ್ದೆಲ್ಲ ಬೇಕಾಗಿಯೇ ಇರುವುದಿಲ್ಲ.

ಒಂದು ಸಣ್ಣ ಉದಾಹರಣೆ. ಅಕ್ಟೋಬರ್ 1ರಂದು ಒಂದು ವರ್ಷದ ವಿಮೆಗೆ 12,000 ಡಾಲರ್ ಕಟ್ಟಿದ್ದಾರೆ, ಡಿಸೆಂಬರ್ 31ಕ್ಕೆ ಹೊಂದಾಣಿಕೆಯ ಜರ್ನಲ್ ಎಂಟ್ರಿ ಬರೆಯಿರಿ. ತರಗತಿಯಲ್ಲಿ ಈ ಲೆಕ್ಕವನ್ನು ಹತ್ತು ಸಲ ಮಾಡಿದವರ ಕೈ ತಾನಾಗಿಯೇ ವಿಮೆ ಖರ್ಚಿಗೆ 3,000 ಡೆಬಿಟ್, ಪ್ರೀಪೇಯ್ಡ್‌ಗೆ (ಮುಂಗಡ ಪಾವತಿಯ ಖಾತೆಗೆ) ಕ್ರೆಡಿಟ್ ಎಂದು ಬರೆದುಬಿಡುತ್ತದೆ. ಆದರೆ ಸಿಮ್ಯುಲೇಶನ್‌ನ ಮೂರನೇ ದಾಖಲೆಯಾದ ಲೆಡ್ಜರಿನಲ್ಲಿ ಕಟ್ಟಿದ ದಿನವೇ ಪೂರ್ತಿ 12,000ವನ್ನು ಖರ್ಚಿಗೆ ಹಾಕಿರುತ್ತಾರೆ. ಆಗ ಸರಿಯಾದ ಎಂಟ್ರಿ ಪ್ರೀಪೇಯ್ಡ್‌ಗೆ 9,000 ಡೆಬಿಟ್, ವಿಮೆ ಖರ್ಚಿಗೆ 9,000 ಕ್ರೆಡಿಟ್. ವಿಷಯ ಗೊತ್ತಿಲ್ಲದೆ ಆದ ತಪ್ಪಲ್ಲ ಇದು, ಲೆಡ್ಜರ್ ತೆರೆದು ನೋಡದೆ ಆದ ತಪ್ಪು. ಯಾವ ಅಧ್ಯಾಯದ ಪ್ರಶ್ನೆ ಎಂದು ಮೊದಲೇ ಗೊತ್ತಿರುವ ಕಾಲೇಜಿನ ಪರೀಕ್ಷೆಯಲ್ಲಿ ಈ ಅಭ್ಯಾಸ ಬೆಳೆಯುವುದೇ ಇಲ್ಲ.

ಹಾಗಾದರೆ ಜಿಪಿಎ ಹೆಚ್ಚಿದ್ದವರು ಹೆಚ್ಚು ಪಾಸಾಗುವುದೇಕೆ? ನನ್ನ ಅಭಿಪ್ರಾಯದಲ್ಲಿ, ವಾರಕ್ಕೆ ಇಷ್ಟು ಗಂಟೆ ಎಂದು ಕೂತು ಓದುವ ಶಿಸ್ತನ್ನು ಜಿಪಿಎ ಬೇರೆಲ್ಲಕ್ಕಿಂತ ಚೆನ್ನಾಗಿ ತೋರಿಸುತ್ತದೆ. ನಿಮ್ಮ 2.9ಕ್ಕೆ ಕಾರಣ ಏನೆಂದು ನಿಮಗೇ ಗೊತ್ತಿರುತ್ತದೆ. ಓದುತ್ತಾ ವಾರಕ್ಕೆ ಮೂವತ್ತು ಗಂಟೆ ಕೆಲಸ ಮಾಡಿದ್ದರಿಂದ ಬಂದ 2.9 ಆದರೆ ಚಿಂತೆ ಬೇಡ. ಪರೀಕ್ಷೆಯ ಹಿಂದಿನ ರಾತ್ರಿ ಓದಿಯೇ ನಾಲ್ಕು ವರ್ಷ ತಳ್ಳಿದ್ದರಿಂದ ಬಂದದ್ದಾದರೆ ಮೊದಲು ಬದಲಾಗಬೇಕಾದ್ದು ಅದು. ಫಾರ್‌ನ ವ್ಯಾಪ್ತಿ ಒಂದು ವಾರದಲ್ಲಿ ಮುಗಿಯುವಂಥದ್ದಲ್ಲ.

ಪಾಸಾದವರ ಪ್ರಮಾಣ ನೋಡಿ ಹೆದರುವವರಿಗೂ ಧೈರ್ಯ ತಂದುಕೊಳ್ಳುವವರಿಗೂ ಒಂದು ಮಾತು. 2024ರಲ್ಲಿ ಫಾರ್ ಪಾಸಾದವರು ನೂರಕ್ಕೆ ಸುಮಾರು 40, ಟ್ಯಾಕ್ಸ್ ಕುರಿತ ಐಚ್ಛಿಕ ವಿಭಾಗವಾದ ಟಿಸಿಪಿ ಪಾಸಾದವರು 70ಕ್ಕೂ ಹೆಚ್ಚು. ಹಾಗೆಂದು ಟಿಸಿಪಿ ಅಷ್ಟೊಂದು ಸುಲಭ ಎಂದಲ್ಲ. ಅದನ್ನು ಆರಿಸಿಕೊಳ್ಳುವವರಲ್ಲಿ ಟ್ಯಾಕ್ಸ್ ಕೆಲಸದಲ್ಲಿರುವವರು, ಆಗಲೇ ರೆಗ್ (ಟ್ಯಾಕ್ಸ್ ಮತ್ತು ಬಿಸಿನೆಸ್ ಲಾ ವಿಭಾಗ) ಮುಗಿಸಿದವರು ಹೆಚ್ಚು. ಫಾರ್ ಮಾತ್ರ ಎಲ್ಲರೂ ಬರೆಯಲೇಬೇಕು. ಜಿಪಿಎ ಅಂಕಿಅಂಶಗಳಿಗೂ ಇದೇ ತೊಡಕಿದೆ. ಕಡಿಮೆ ಜಿಪಿಎ ಇದ್ದ ಅನೇಕರು ಪರೀಕ್ಷೆಯ ಗೊಡವೆಗೇ ಹೋಗುವುದಿಲ್ಲ, ಹೋಗುವವರು ಗಟ್ಟಿ ಮನಸ್ಸಿನವರು.

ಈಗ ಮಾಡಬೇಕಾದ ಕೆಲಸ. ಜನವರಿ 2024ರಿಂದ ಪರೀಕ್ಷೆ ಹೀಗಿದೆ: ಆಡ್ (ಆಡಿಟಿಂಗ್), ಫಾರ್, ರೆಗ್ ಮೂರೂ ಕಡ್ಡಾಯ, ಬಾರ್ (ಬಿಸಿನೆಸ್ ವಿಶ್ಲೇಷಣೆ ಮತ್ತು ವರದಿ), ಐಎಸ್‌ಸಿ (ಮಾಹಿತಿ ವ್ಯವಸ್ಥೆ ಮತ್ತು ನಿಯಂತ್ರಣ), ಟಿಸಿಪಿಯಲ್ಲಿ ಒಂದು ನಿಮ್ಮ ಆಯ್ಕೆ. ಪ್ರತಿಯೊಂದಕ್ಕೂ ನಾಲ್ಕು ಗಂಟೆ. ಒಂದು ಹಾಳೆಯಲ್ಲಿ ವಿಭಾಗಕ್ಕೊಂದರಂತೆ ನಾಲ್ಕು ಕಾಲಂ ಎಳೆದು, ಪ್ರತಿ ಕೋರ್ಸನ್ನೂ ಅದರ ಕಾಲಂನಲ್ಲಿ ಬರೆದು ಪಕ್ಕದಲ್ಲಿ ಗ್ರೇಡ್ ಮತ್ತು ವರ್ಷ ಹಾಕಿ. ರೆಗ್ ಅಂದರೆ ಟ್ಯಾಕ್ಸ್ ಎಂದುಕೊಂಡು ಬಿಸಿನೆಸ್ ಲಾ ಬಿಡಬೇಡಿ, ಅದಕ್ಕೇ 15ರಿಂದ 25 ಶೇಕಡಾ ಪಾಲಿದೆ. ಬಿ ಅಥವಾ ಮೇಲಿದ್ದು ಎರಡು ವರ್ಷದೊಳಗೆ ಓದಿದ್ದಾದರೆ ಪಾಠ ಕೇಳುವುದನ್ನು ಬಿಟ್ಟು ನೇರ ಪ್ರಶ್ನೆಗಳಿಗೆ ಹೋಗಿ, ತಪ್ಪಿದಲ್ಲಿ ಮಾತ್ರ ಪುಸ್ತಕ ತೆಗೆಯಿರಿ. ಸಿ ಬಂದದ್ದು, ಹಳೆಯದು, ಓದದೇ ಇದ್ದದ್ದು ಮೊದಲಿನಿಂದ. ಯಾವುದು ಯಾವ ಗುಂಪಿಗೆ ಎಂಬ ಗೊಂದಲ ಇದ್ದರೆ ಏನೂ ಓದದೆ ಆ ವಿಷಯದ 30 ಬಹುಆಯ್ಕೆ ಪ್ರಶ್ನೆ ಮಾಡಿ ನೋಡಿ. 15ಕ್ಕಿಂತ ಕಡಿಮೆ ಸರಿಯಾದರೆ ಗ್ರೇಡ್ ಏನೇ ಇರಲಿ, ಮೊದಲಿನಿಂದಲೇ ಶುರುಮಾಡಿ.

ಫಾರ್‌ಗೆ 120ರಿಂದ 150 ಗಂಟೆ ಇಟ್ಟುಕೊಳ್ಳಿ. ವಾರಕ್ಕೆ 15 ಗಂಟೆಯಂತೆ ಎಂಟರಿಂದ ಹತ್ತು ವಾರ. ಉಳಿದವಕ್ಕೆ ಅದಕ್ಕಿಂತ ತುಸು ಕಡಿಮೆ ಸಾಕು. ಇಂಟರ್‌ಮೀಡಿಯೇಟ್ ಈಚೆಗಷ್ಟೇ ಮುಗಿದಿದ್ದರೆ ಫಾರ್ ಮೊದಲು, ಬಾರ್ ಬೇಕಿದ್ದರೆ ಅದರ ಬೆನ್ನಿಗೇ. ಟ್ಯಾಕ್ಸ್ ಹಿಡಿತದಲ್ಲಿದ್ದರೆ ರೆಗ್, ಟಿಸಿಪಿ ಒಟ್ಟಿಗೆ. ಹಳೆಯ ಬ್ಲಾಗುಗಳಲ್ಲಿ ಕಾಣುವ ಬೆಕ್ ವಿಭಾಗ 2023ರ ಕೊನೆಗೆ ಹೋಯಿತು, ಆ ಸಲಹೆಗಳನ್ನು ಓದಿ ಸಮಯ ಕಳೆಯಬೇಡಿ.

ಒಳ್ಳೆಯ ಗ್ರೇಡಿನವರು ಮಾಡುವ ಸಾಮಾನ್ಯ ತಪ್ಪು ಎಲ್ಲ ವೀಡಿಯೋ ನೋಡಿ, ಚಂದದ ನೋಟ್ಸ್ ಬರೆದು, ಪ್ರಶ್ನೆಗಳನ್ನು ಕೊನೆಯ ಎರಡು ವಾರಕ್ಕೆ ಬಿಡುವುದು. ಎಂಟನೇ ವಾರಕ್ಕೆ ಬರುವಷ್ಟರಲ್ಲಿ ಮೊದಲ ವಾರದ ಬಾಂಡ್ ಲೆಕ್ಕ ಹಾರಿಹೋಗಿರುತ್ತದೆ. ಹೊಸ ಪಾಠ ಏನೇ ಇರಲಿ, ದಿನಕ್ಕೆ 20 ಹಳೆಯ ಪ್ರಶ್ನೆಗಳನ್ನು ಎಲ್ಲ ಅಧ್ಯಾಯಗಳಿಂದ ಕಲೆಸಿ ಮಾಡಿ. ತಪ್ಪಿದ ಪ್ರತಿಯೊಂದರ ಪಕ್ಕದಲ್ಲಿ ಕಾರಣ ಬರೆಯಿರಿ: ನಿಯಮ ಗೊತ್ತಿರಲಿಲ್ಲವೋ, ಪ್ರಶ್ನೆ ಸರಿಯಾಗಿ ಓದಲಿಲ್ಲವೋ, ಲೆಕ್ಕ ತಪ್ಪಿತೋ. ಎರಡನೆಯ ಕಾರಣವೇ ಹೆಚ್ಚಾಗಿದ್ದರೆ ಇನ್ನಷ್ಟು ಪಾಠ ಕೇಳಿ ಪ್ರಯೋಜನವಿಲ್ಲ. ಒಂದೇ ಪ್ರಶ್ನೆಯನ್ನು ಮೂರನೇ ಸಲ ಮಾಡಿ ಬಂದ 90 ಶೇಕಡಾವನ್ನೂ ನಂಬಬೇಡಿ. ಉತ್ತರದ ಅಕ್ಷರ ನೆನಪಿದ್ದು ಬಂದ ಅಂಕ ಅದು. ಮೊದಲ ಸಲ ನೋಡುವ ಪ್ರಶ್ನೆಗಳಲ್ಲಿ ಎಷ್ಟು ಬರುತ್ತದೆ ಎಂಬುದನ್ನು ಮಾತ್ರ ಲೆಕ್ಕಕ್ಕಿಡಿ.

ಸಮಯದ ಹಂಚಿಕೆ ಮೊದಲೇ ನಿಗದಿಯಾಗಿರಲಿ. ಫಾರ್‌ನಲ್ಲಿ 50 ಬಹುಆಯ್ಕೆ, 7 ಸಿಮ್ಯುಲೇಶನ್. ಬಹುಆಯ್ಕೆಗೆ ತಲಾ ಒಂದೂವರೆ ನಿಮಿಷದಂತೆ 75 ನಿಮಿಷ ಕೊಟ್ಟರೆ ಉಳಿಯುವುದು 165; ಸಿಮ್ಯುಲೇಶನ್‌ಗೆ ತಲಾ 22 ನಿಮಿಷ ಕೊಟ್ಟರೂ ಹನ್ನೊಂದು ನಿಮಿಷ ಕೈಯಲ್ಲಿರುತ್ತದೆ. ಆಡ್‌ನಲ್ಲಿ ಬಹುಆಯ್ಕೆಯೇ 78, ಅಲ್ಲಿ ಒಂದೂಕಾಲು ನಿಮಿಷ ಮೀರಬಾರದು. ಒಂದು ಟೆಸ್ಟ್‌ಲೆಟ್ (ಪ್ರಶ್ನೆಗಳ ಒಂದು ಕಂತು) ಒಪ್ಪಿಸಿದ ಮೇಲೆ ಹಿಂದಕ್ಕೆ ಹೋಗುವಂತಿಲ್ಲ. ಮೂರನೆಯದು ಮುಗಿದ ಮೇಲೆ ಸಿಗುವ 15 ನಿಮಿಷದ ವಿರಾಮದಲ್ಲಿ ಗಡಿಯಾರ ನಿಲ್ಲುತ್ತದೆ, ಅದನ್ನು ಬಿಡಬೇಡಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಸಿಮ್ಯುಲೇಶನ್‌ನಲ್ಲಿ ಸರಿಯಾದ ಕೋಶಗಳಿಗೆ ಅಷ್ಟರಮಟ್ಟಿಗೆ ಅಂಕ ಸಿಗುತ್ತದೆ. ಆದ್ದರಿಂದ ಯಾವುದನ್ನೂ ಖಾಲಿ ಬಿಡಬೇಡಿ.

ನಿಮ್ಮ ಸಹಪಾಠಿಗೆ ಹೇಳಬೇಕಾದ್ದು ಒಂದಿದೆ. ಫೇಲಾದವರಿಗೆ ಬರುವ ವರದಿಯಲ್ಲಿ ಪ್ರತಿ ಭಾಗದಲ್ಲೂ 75ರಿಂದ 80ರ ನಡುವೆ ಅಂಕ ಪಡೆದವರಿಗೆ ಹೋಲಿಸಿ ದುರ್ಬಲ, ಸಮಾನ, ಉತ್ತಮ ಎಂದು ತೋರಿಸಿರುತ್ತಾರೆ. ಎರಡು ಸಲದ ವರದಿಗಳನ್ನು ಅಕ್ಕಪಕ್ಕ ಇಟ್ಟು ನೋಡಲಿ. ಒಂದೇ ಭಾಗ ಎರಡರಲ್ಲೂ ದುರ್ಬಲ ಎಂದಿದ್ದರೆ ಆ ಪಾಠ ಮತ್ತೆ ಓದಬೇಕು. ಬಹುಆಯ್ಕೆ ಸಮಾನ, ಸಿಮ್ಯುಲೇಶನ್ ಮಾತ್ರ ದುರ್ಬಲ ಎಂದಿದ್ದರೆ ಮುಂದಿನ ನಾಲ್ಕು ವಾರ ದಿನಕ್ಕೆರಡು ಸಿಮ್ಯುಲೇಶನ್ ಗಡಿಯಾರ ಇಟ್ಟುಕೊಂಡು ಮಾಡಲಿ, ಪುಸ್ತಕ ಮೊದಲಿನಿಂದ ಓದುವುದು ಬೇಡ. ಪಾಸಾದ ವಿಭಾಗ ಊರ್ಜಿತವಾಗಿರುವ ಅವಧಿ ಹಿಂದೆ 18 ತಿಂಗಳಿತ್ತು, ಈಗ ಅನೇಕ ರಾಜ್ಯಗಳಲ್ಲಿ 30 ತಿಂಗಳಾಗಿದೆ. ಬೇರೆ ಯಾವುದಾದರೂ ವಿಭಾಗ ಆಗಲೇ ಪಾಸಾಗಿದ್ದರೆ, ಅದರ ಗಡುವು ಯಾವಾಗ ಎಂದು ನೋಡಿಕೊಂಡು ಮುಂದಿನ ದಿನಾಂಕ ಹಿಡಿಯಲಿ.