ಬಚ್ಚಲ ಒಲೆ ಕೀಳಿಸಬೇಡಿ

ಸಂಕ್ರಾಂತಿಗೆ ನೆಂಟರು ಬರುವಷ್ಟರಲ್ಲಿ ನಿಮ್ಮ ಮಲೆನಾಡಿನ ಹೆಂಚಿನ ಮನೆಯನ್ನು ಬೆಚ್ಚಗೆ, ಗೆಲುವಾಗಿ ಮಾಡಲು ಎಷ್ಟು ಹೀಟರ್ ಬೇಕು, ಎಂಥ ಪರದೆ, ಯಾವ ಬಣ್ಣದ ದೀಪ ಎಂದು ಕೇಳಿದ್ದೀರಿ. ಹೇಗೂ ಮೇಸ್ತ್ರಿ ಬರುತ್ತಿರುವುದರಿಂದ ಹಳೆಯ ಬಚ್ಚಲ ಒಲೆಯನ್ನೂ ಕೀಳಿಸುತ್ತೇವೆ ಎಂದು ಕೊನೆಗೆ ಒಂದು ಸಾಲು ಸೇರಿಸಿದ್ದೀರಿ. ನಾನು ಬರೆಯಲು ಕುಳಿತದ್ದು ಆ ಸಾಲಿಗಾಗಿ.

2011ರ ಮಳೆಗಾಲ ಮುಗಿಯುತ್ತಿದ್ದಂತೆ ನಾನೂ ಇದನ್ನೇ ಮಾಡಿದೆ. ನಮ್ಮದು ಸಾಗರ ತಾಲ್ಲೂಕಿನ ಅಡಿಕೆ ತೋಟದ ಮನೆ. ಜಗಲಿ, ನಡುಮನೆ, ಹಲಗೆಯ ಮುಚ್ಚಿಗೆ (ಒಳಚಾವಣಿ) ಹಾಕಿದ ಎರಡು ಕೋಣೆ, ಅಡುಗೆಮನೆಯ ಹಿಂದೆ ಬಚ್ಚಲು. ಅಪ್ಪಯ್ಯ ಬೆಳಿಗ್ಗೆ ಐದಕ್ಕೆ ಎದ್ದು ಬಚ್ಚಲ ಒಲೆಗೆ ಬೆಂಕಿ ಹಾಕುತ್ತಿದ್ದರು. ಒಲೆಯ ಮೇಲೆ ಮಣ್ಣಿನಲ್ಲಿ ಕೂರಿಸಿದ ತಾಮ್ರದ ಹಂಡೆ, ಎದುರಿಗೆ ಒಂದು ಮಣೆ, ಮಣೆಯ ಮೇಲೆ ಕಂಬಳಿ ಹೊದ್ದ ಅಪ್ಪಯ್ಯ. ಕೊಯ್ಲಿನ ದಿನಗಳಲ್ಲಿ, ಮರ ಹತ್ತಿ ಅಡಿಕೆಯ ಕೊನೆ (ಗೊನೆ) ಇಳಿಸುವ ಕೊನೆಗೌಡ ಹಿತ್ತಿಲ ಬಾಗಿಲಿಂದ ಬಂದು ಮೊದಲು ಅಲ್ಲಿ ಕೈ ಕಾಯಿಸಿಕೊಳ್ಳುತ್ತಿದ್ದ. ಹಾಲು ಒಯ್ಯಲು ಬಂದ ಪಕ್ಕದ ಮನೆಯವರು ಅಲ್ಲೇ ಕುಳಿತು ಕಾಫಿ ಕುಡಿಯುತ್ತಿದ್ದರು. ಮಕ್ಕಳು ಹಲ್ಲುಜ್ಜುತ್ತಾ ಅಲ್ಲೇ ನಿಲ್ಲುತ್ತಿದ್ದರು. ಇವತ್ತು ಯಾವ ಕಡೆಯ ಕೊನೆ ಇಳಿಸಬೇಕು, ಸುಲಿಯಲು ಯಾರನ್ನು ಕರೆಯಬೇಕು ಎಂಬ ಮಾತೆಲ್ಲ ತೀರ್ಮಾನವಾಗುತ್ತಿದ್ದದ್ದೂ ಅಲ್ಲಿಯೇ.

ನನ್ನ ಹೆಂಡತಿಗೆ ಹೊಗೆಯಿಂದ ಕೆಮ್ಮು. ಗೋಡೆಯೆಲ್ಲ ಮಸಿ. ಸೌದೆ ರಾಶಿಯಲ್ಲಿ ಚೇಳು. ಬೆಂಗಳೂರಿನಿಂದ ಅಕ್ಕ, ಭಾವ, ಮಕ್ಕಳು ಬರುವವರಿದ್ದರು. ಒಲೆ ಒಡೆಸಿ ಗೀಸರ್ ಹಾಕಿಸಿದೆ, ಗೋಡೆಗೆ ಬಿಳಿ ಟೈಲ್ಸ್ ಅಂಟಿಸಿದೆ, ನಡುಮನೆಯ ಕಾವಿ ನೆಲದ ಮೇಲೂ ಹೊಳೆಯುವ ಟೈಲ್ಸ್ ಹಾಸಿಸಿದೆ. ಮೂರು ಹೀಟರ್ ತಂದೆ. ಹಂಡೆಯನ್ನು ತೂಕಕ್ಕೆ ಮಾರಿದೆ.

ಆ ಚಳಿಗಾಲ ಅಕ್ಕನ ಮನೆಯವರು ಬಂದರು. ಹೀಟರ್ ಇಟ್ಟ ಕೋಣೆಯ ಬಾಗಿಲು ಹಾಕಲೇಬೇಕು, ಇಲ್ಲದಿದ್ದರೆ ಕಾವು ನಿಲ್ಲುವುದಿಲ್ಲ. ಹಾಗಾಗಿ ಸಂಜೆ ಏಳಕ್ಕೆ ಎಲ್ಲ ಬಾಗಿಲುಗಳೂ ಮುಚ್ಚುತ್ತಿದ್ದವು. ಅಕ್ಕ ಒಂದು ಕೋಣೆಯಲ್ಲಿ, ನಾವು ಇನ್ನೊಂದರಲ್ಲಿ, ಅಪ್ಪಯ್ಯ ಬಚ್ಚಲಿಗೆ ಅಂಟಿಕೊಂಡ ಸಣ್ಣ ಕೋಣೆಯಲ್ಲಿ. ನಡುಮನೆಯ ನೆಲಕ್ಕೆ ಕಾಲಿಡಲಾಗುತ್ತಿರಲಿಲ್ಲ, ಅಷ್ಟು ತಣ್ಣಗೆ ಕೊರೆಯುತ್ತಿತ್ತು. ಒಂದೊಂದು ಹೀಟರ್ 2000 ವ್ಯಾಟ್‌ನದು. ಮೂರೂ ಒಟ್ಟಿಗೆ ಉರಿದರೆ 26 ಆಂಪಿಯರ್. ನಮ್ಮ ಹಳೆಯ ವೈರಿಂಗ್ ಅದನ್ನು ಹೊರಲಾರದೆ ಒಂದು ರಾತ್ರಿ ಸಾಕೆಟ್ ಕರಗಿ ಕಪ್ಪಾಯಿತು. ಊರಿಗೆ ಹೊರಡುವ ದಿನ ಅಕ್ಕ, ‘ಈ ಸಲ ಅಪ್ಪಯ್ಯನ ಹತ್ತಿರ ಕೂರುವುದೇ ಆಗಲಿಲ್ಲವಲ್ಲೋ’ ಎಂದಳು.

ಅಪ್ಪಯ್ಯ ಮಾತ್ರ ಎಂದಿನಂತೆ ಐದಕ್ಕೆ ಏಳುತ್ತಿದ್ದರು. ಬಚ್ಚಲ ಬಾಗಿಲವರೆಗೆ ಬಂದು, ಟೈಲ್ಸ್ ನೋಡಿ, ವಾಪಸ್ಸು ಹೋಗಿ ಮಲಗುತ್ತಿದ್ದರು. ನನಗೆ ಒಂದು ಮಾತೂ ಅನ್ನಲಿಲ್ಲ. ಮೂರು ಚಳಿಗಾಲ ಹೀಗೆ ಕಳೆದವು. 2014ರ ಮಳೆಗಾಲದಲ್ಲಿ ತೀರಿಕೊಂಡರು. ಆಗ ಅವರಿಗೆ ಎಂಬತ್ತೆರಡು. ಒಲೆ ಕಿತ್ತದ್ದರಿಂದ ಅವರು ಹೋದರು ಎಂದು ನಾನು ಹೇಳುತ್ತಿಲ್ಲ. ಆ ಮೂರು ಚಳಿಗಾಲದ ಬೆಳಗುಗಳನ್ನು ಅವರಿಂದ ಕಿತ್ತುಕೊಂಡವನು ನಾನು.

ಎಲ್ಲಿ ತಪ್ಪಿದೆ ಎಂದು ಬಹಳ ಸಲ ಯೋಚಿಸಿದ್ದೇನೆ. ಹೆಂಡತಿಯ ದೂರು ಸುಳ್ಳಾಗಿರಲಿಲ್ಲ. ಸೌದೆಯ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದೇ. ಆದರೆ ನಮ್ಮ ಒಲೆ ಹೊಗೆಯಾಡುತ್ತಿದ್ದದ್ದು ಮೂರು ಕಾರಣಕ್ಕೆ: ಚಿಮಣಿ ಇರಲಿಲ್ಲ, ಬಾಯಿ ವಿಪರೀತ ಅಗಲವಾಗಿತ್ತು, ಹಸಿ ಸೌದೆ ತುರುಕುತ್ತಿದ್ದೆವು. ಮೂರಕ್ಕೂ ಪರಿಹಾರವಿತ್ತು. ನಾನು ಹೊಗೆಯನ್ನು ಹೊರಹಾಕುವ ಬದಲು ಒಲೆಯನ್ನೇ ಹೊರಹಾಕಿದೆ. ಒಲೆ ಎಂದರೆ ನೀರು ಕಾಯಿಸುವ ಸಾಧನ, ಆ ಕೆಲಸವನ್ನು ಗೀಸರ್ ಮಾಡಿದರೆ ಲೆಕ್ಕ ಸರಿಹೋಯಿತು ಎಂದುಕೊಂಡಿದ್ದೆ. ಅಪ್ಪಯ್ಯನ ಕೋಣೆಗೂ ಬಚ್ಚಲಿಗೂ ನಡುವೆ ಇದ್ದದ್ದು ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ದಿನವೂ ಬೆಳಿಗ್ಗೆ ಎರಡು ಗಂಟೆ ಕಾಲ ಬೆಂಕಿ ಉರಿದರೆ ಅದು ಕಾವನ್ನು ಹೀರಿಕೊಂಡು ನಿಧಾನವಾಗಿ ಕೋಣೆಗೆ ಬಿಡುತ್ತಿತ್ತು. ಮಳೆಗಾಲದ ಥಂಡಿ ಹಿಡಿದ ಗೋಡೆಗಳು ಆರುತ್ತಿದ್ದದ್ದು, ಒಗೆದ ಪಂಚೆ ಒಣಗುತ್ತಿದ್ದದ್ದು ಆ ಬೆಂಕಿಯಿಂದಲೇ. ಪಾತ್ರೆ ತಿಕ್ಕುವ ಬೂದಿಯೂ ಅಲ್ಲಿಯದೇ. ಇವೆಲ್ಲಕ್ಕಿಂತ ಹೆಚ್ಚಾಗಿ, ಕರೆಯದೆಯೇ ಮನೆಮಂದಿಯೆಲ್ಲ ಒಂದೆಡೆ ಸೇರುವ ಜಾಗ ಅದೊಂದೇ ಆಗಿತ್ತು. ಗೀಸರ್ ಕೊಟ್ಟದ್ದು ಬಕೆಟ್ ಬಿಸಿನೀರು ಮಾತ್ರ. ಮೇಸ್ತ್ರಿಯನ್ನು ಕರೆಯುವ ಮೊದಲು ನಾಲ್ಕು ದಿನ ಬೆಳಿಗ್ಗೆ ಅಲ್ಲಿ ಕುಳಿತು ಯಾರು ಬರುತ್ತಾರೆ, ಏನು ಮಾಡುತ್ತಾರೆ ಎಂದು ನೋಡಿದ್ದರೂ ಸಾಕಿತ್ತು. ಅದನ್ನು ನಾನು ಮಾಡಲಿಲ್ಲ.

2016ರಲ್ಲಿ ಮತ್ತೆ ಒಲೆ ಕಟ್ಟಿಸಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ, ಹೊಗೆ ಮತ್ತು ಸೌದೆ ಕಡಿಮೆ ಮಾಡುವ ಅಸ್ತ್ರ ಒಲೆಯ ಕ್ರಮ ಬಲ್ಲ ಮೇಸ್ತ್ರಿಯೊಬ್ಬರು ಸಿಕ್ಕಿದರು. ಸಣ್ಣ ಬಾಯಿ, ಬೂದಿ ಬೀಳಲು ಕೆಳಗೆ ಜಾಲರಿ, ಮಾಡಿನ ನೆತ್ತಿಗಿಂತ ಎತ್ತರಕ್ಕೆ ಹೋಗುವ ಚಿಮಣಿ. ಚಿಮಣಿ ಮಾಡಿಗಿಂತ ಕೆಳಗೇ ನಿಂತರೆ ಗಾಳಿ ಹೊಗೆಯನ್ನು ಒಳಗೆ ತಳ್ಳುತ್ತದೆ, ಇದನ್ನು ಮೇಸ್ತ್ರಿಗೆ ಒತ್ತಿ ಹೇಳಿ. ಸೌದೆಯನ್ನು ಒಂದು ವರ್ಷ ಕೊಟ್ಟಿಗೆಯಲ್ಲಿ ಒಣಗಿಸುತ್ತೇವೆ. ಸೋಗೆ (ಅಡಿಕೆ ಮರದ ಒಣ ಗರಿ), ತೆಂಗಿನ ಸಿಪ್ಪೆ, ಒಣಗಿದ ಅಡಿಕೆ ಸಿಪ್ಪೆ ತೋಟದಲ್ಲೇ ಸಿಗುತ್ತವೆ. ಈಗ ಬೆಳಿಗ್ಗೆ ಮೊದಲು ಹೋಗಿ ಅಲ್ಲಿ ಕೂರುವವಳು ನನ್ನ ಹೆಂಡತಿ. ಹಂಡೆ ಮಾತ್ರ ಬೇರೆಯದು.

ನೀವು ಕೇಳಿದ ಹೀಟರ್ ವಿಷಯ. ಪ್ರತಿ ಕೋಣೆಗೊಂದು ಎಂಬ ಯೋಚನೆಯನ್ನೇ ಬಿಡಿ. ಹಸುಗೂಸು ಅಥವಾ ಹಾಸಿಗೆ ಹಿಡಿದ ಹಿರಿಯರು ಇದ್ದರೆ ಅವರ ಕೋಣೆಗೆ ಎಣ್ಣೆ ತುಂಬಿದ ಹೀಟರ್ ಒಂದನ್ನು ತನ್ನಿ. 16 ಆಂಪಿಯರ್ ಸಾಕೆಟ್‌ಗೇ ಹಾಕಿ, ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಬೇಡ. 2000 ವ್ಯಾಟ್‌ನದಾದರೆ ಪೂರ್ತಿ ಉರಿಯುವಾಗ ಗಂಟೆಗೆ ಎರಡು ಯೂನಿಟ್ ಸುಡುತ್ತದೆ ಎಂಬುದು ನೆನಪಿರಲಿ. ಉಳಿದವರಿಗೆ ಒಳ್ಳೆಯ ಉಣ್ಣೆಯ ಕಂಬಳಿ ಸಾಕು. ಚಳ್ಳಕೆರೆಯ ಕಡೆಯದು ಸಿಕ್ಕಿದರೆ ಬಿಡಬೇಡಿ. ಮೊದಲ ವರ್ಷ ಚುಚ್ಚುತ್ತದೆ, ಆಮೇಲೆ ಅದಿಲ್ಲದೆ ನಿದ್ದೆ ಬರುವುದಿಲ್ಲ.

ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಕೆಂಡವನ್ನು ಬಾಣಲೆಯಲ್ಲಿ ಹಾಕಿಕೊಂಡು ಮಲಗುವ ಕೋಣೆಗೆ ಒಯ್ಯಬೇಡಿ. ಹೊಗೆ ಇಲ್ಲದ ಕೆಂಡದಿಂದಲೂ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಕಿಟಕಿಯಿಲ್ಲದ ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಹಾಕಿಸುವುದೂ ಅದೇ ಅಪಾಯ.

ನಮ್ಮ ಕಡೆಯ ಚಳಿ ಹಗಲಿಡೀ ಇರುವುದಿಲ್ಲ. ನಮ್ಮ ಜಗಲಿಯಲ್ಲಿ ಜನವರಿಯ ಬೆಳಗಿನ ಜಾವ 13–14 ಡಿಗ್ರಿ ಇದ್ದರೆ ಮಧ್ಯಾಹ್ನ 30ರ ಹತ್ತಿರ ಹೋಗುತ್ತದೆ. ಹನ್ನೊಂದಕ್ಕೆ ಕಿಟಕಿ ಬಾಗಿಲು ಎಲ್ಲ ತೆಗೆಯಿರಿ, ಬಿಸಿಲು ಇಳಿಯುವ ಮೊದಲು, ನಾಲ್ಕು ಗಂಟೆಗೇ ಮುಚ್ಚಿ. ನಾವು ಕತ್ತಲಾದ ಮೇಲೆ ಮುಚ್ಚುತ್ತಿದ್ದೆವು, ಅಷ್ಟರಲ್ಲಿ ಹಗಲಿನ ಕಾವೆಲ್ಲ ಹೊರಟುಹೋಗಿರುತ್ತಿತ್ತು. ಹಾಸಿಗೆ, ದಿಂಬು ಅಂಗಳದ ಬಿಸಿಲಿಗೆ ಬರಲಿ. ನಿಮ್ಮ ಮನೆಗೆ ಮುಚ್ಚಿಗೆ ಇದ್ದರೆ ಅದರ ಹಲಗೆಗಳ ಸಂದು ಮುಚ್ಚಿಸಿ, ಬಿಸಿಗಾಳಿ ಹೆಂಚಿನ ಸಂದಿಯಿಂದ ಓಡಿಹೋಗುವುದು ನಿಲ್ಲುತ್ತದೆ. ಕಾವಿ ನೆಲ ಉಳಿದಿದ್ದರೆ ಅದರ ಮೇಲೆ ಟೈಲ್ಸ್ ಬೇಡ, ಚಾಪೆ ಹಾಸಿ.

ಬಣ್ಣದ ದೀಪಗಳ ಸರ ಬೇಡವೇ ಬೇಡ. ನಡುಮನೆಯ ಬಿಳಿ ಟ್ಯೂಬ್‌ಲೈಟ್ ಆರಿಸಿ, 2700 ಕೆಲ್ವಿನ್ ಎಂದು ಬರೆದಿರುವ ಹಳದಿ ಬೆಳಕಿನ ಎಲ್‌ಇಡಿ ಬಲ್ಬ್ ಎರಡನ್ನು ತಗ್ಗಿನಲ್ಲಿ ಹಾಕಿ. ಪರದೆ ಯಾವುದಾದರೂ ಆದೀತು.

ನೆಂಟರಿಗೆ ಏನು ಮಾಡಬೇಕೆಂದರೆ, ಬೆಳಿಗ್ಗೆ ಒಲೆಯ ಮುಂದೆ ನಾಲ್ಕು ಮಣೆ ಹೆಚ್ಚಾಗಿ ಇಡಿ. ತೆಳ್ಳೇವಿಗೆ (ತೆಳು ದೋಸೆಗೆ) ಜೋನಿ ಬೆಲ್ಲ, ಶುಂಠಿ ಹಾಕಿದ ಕಷಾಯ, ಹಿರಿಯರಿಗೆ ಎಲೆ ಅಡಿಕೆಯ ಕವಳದ ಹರಿವಾಣ ಅಲ್ಲಿಗೇ ಬರಲಿ. ಹಿತ್ತಿಲ ಬಾಗಿಲು ತೆರೆದಿರಲಿ, ಪಕ್ಕದ ಮನೆಯವರು ಬಂದೇ ಬರುತ್ತಾರೆ. ಕಳೆದ ಜನವರಿಯಲ್ಲಿ ಅಕ್ಕ ಮೊಮ್ಮಗನನ್ನು ಕರೆತಂದಿದ್ದಳು. ಐದೂವರೆಗೇ ಎದ್ದು ಬಂದು ಒಲೆಗೆ ಸೋಗೆ ಮುರಿದು ಹಾಕುತ್ತಾ ಕುಳಿತಿದ್ದ ಅವನನ್ನು ಅಲ್ಲಿಂದ ಎಬ್ಬಿಸಲು ಯಾರಿಗೂ ಆಗಲಿಲ್ಲ.

ಮೇಸ್ತ್ರಿ ಯಾವತ್ತು ಬರುತ್ತಾನೆಂದು ನೀವು ಬರೆದಿಲ್ಲ. ಇನ್ನೂ ಬಂದಿಲ್ಲವಾದರೆ ಬಚ್ಚಲ ಕೆಲಸ ಬೇಡವೆಂದು ಇವತ್ತೇ ಫೋನ್ ಮಾಡಿ ಹೇಳಿ. ಒಡೆದದ್ದೇ ಆಗಿದ್ದರೆ, ಹಂಡೆಯನ್ನಾದರೂ ಗುಜರಿಗೆ ಕೊಡಬೇಡಿ.