ಸ್ಪೀಕರ್ ಕೆಳಗಿನ ಹಲಗೆ ಗುಂಯ್‌ಗುಟ್ಟಿದರೆ

ಪ್ರಶ್ನೆ: ಟಿವಿ ಶೋಕೇಸಿನ ಪ್ಲೈವುಡ್ ಹಲಗೆಯ ಮೇಲೆ ತಲಾ 6 ಕೆ.ಜಿ.ಯ ಎರಡು ಸ್ಪೀಕರ್‌ಗಳಿವೆ. ಮೃದಂಗದ ತೊಪ್ಪಿಯ (ಎಡಬದಿಯ) ಪೆಟ್ಟು ನಿಲ್ಲದೆ ಗುಂಯ್ ಎಂದು ಎಳೆಯುತ್ತದೆ. ಕಂಪನ ತಡೆಯುವ ಪ್ಲಾಟ್‌ಫಾರ್ಮ್ ಕೊಳ್ಳಬೇಕೇ, ಮನೆಯಲ್ಲೇ ಮಾಡಿಕೊಳ್ಳಬಹುದೇ?

ಉತ್ತರ: ಮಾಡಿಕೊಳ್ಳಬಹುದು. ಆದರೆ ತಪ್ಪು ಹಲಗೆಯದೇ ಎಂದು ಮೊದಲು ಖಚಿತವಾಗಲಿ. ಫೋನನ್ನು ಸ್ಪೀಕರ್‌ಗೆ ಜೋಡಿಸಿ, ಬೇಕಾದ ಹರ್ಟ್ಜ್‌ನ ಸ್ವರ ನುಡಿಸುವ ಟೋನ್ ಜನರೇಟರ್ ಆ್ಯಪ್‌ನಲ್ಲಿ 40ರಿಂದ 200 ಹರ್ಟ್ಜ್‌ವರೆಗೆ ನಿಧಾನವಾಗಿ ಏರಿಸುತ್ತಾ ಹಲಗೆಗೆ ಅಂಗೈ ಒತ್ತಿ ಹಿಡಿಯಿರಿ. ಯಾವುದೋ ಒಂದು ಸ್ವರಕ್ಕೆ ಕೈ ಜುಮ್ಮೆಂದು, ಶೋಕೇಸಿನ ಗಾಜು ಗಲಗಲ ಎಂದರೆ ಅದು ಹಲಗೆಯ ಕೆಲಸ. ಈಗ ಸ್ಪೀಕರನ್ನು ಶೋಕೇಸಿನ ಮುಂದೆಯೇ ಗಟ್ಟಿಯಾದ ಸ್ಟೂಲಿನ ಮೇಲಿಟ್ಟು ಅದೇ ಸ್ವರ ನುಡಿಸಿ. ಗುಂಯ್ ಹಾಗೇ ಉಳಿದರೆ ಅದು ಕೋಣೆಯದ್ದು: 12 ಅಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 47 ಹರ್ಟ್ಜ್ ತಾನಾಗಿಯೇ ಉಬ್ಬುತ್ತದೆ. ಅದಕ್ಕೆ ಸ್ಪೀಕರನ್ನೋ ಕೂರುವ ಕುರ್ಚಿಯನ್ನೋ ಸರಿಸಬೇಕು. ಎಷ್ಟೇ ದುಬಾರಿ ಪ್ಲಾಟ್‌ಫಾರ್ಮ್ ತಂದರೂ ದಂಡ.

ಹಲಗೆಯದೇ ಆದರೆ, ಗ್ರಾನೈಟ್ ಅಂಗಡಿಯಲ್ಲಿ ಅಡುಗೆಕಟ್ಟೆ ಕತ್ತರಿಸಿ ಉಳಿದ 18 ಮಿ.ಮೀ. ದಪ್ಪದ ತುಂಡು ಕೇಳಿ. 30×25 ಸೆಂ.ಮೀ. ಅಳತೆಯದು ಸುಮಾರು 3.6 ಕೆ.ಜಿ. ತೂಗುತ್ತದೆ. ಸ್ಪೀಕರ್ ಸೇರಿ 9.6 ಕೆ.ಜಿ.; ಕೆಳಗೆ ನಾಲ್ಕು ರಬ್ಬರ್ ಪ್ಯಾಡ್ ಇಟ್ಟರೆ ಒಂದೊಂದರ ಪಾಲು 2.4 ಕೆ.ಜಿ.

ಬಹಳಷ್ಟು ಜನ ಎಡವುವುದು ಈ ಪ್ಯಾಡಿನ ಆಯ್ಕೆಯಲ್ಲಿ. ಭಾರಕ್ಕೆ ಪ್ಯಾಡ್ ಎಷ್ಟು ಮಿ.ಮೀ. ಅಮುಕಿತು ಎಂದು ಅಳೆದು, ಅದರ ವರ್ಗಮೂಲದಿಂದ 16ನ್ನು ಭಾಗಿಸಿದರೆ ಅದರ ಸಹಜ ಕಂಪನದ ಅಂದಾಜು ಹರ್ಟ್ಜ್‌ನಲ್ಲಿ ಸಿಗುತ್ತದೆ. 4 ಮಿ.ಮೀ. ಅಮುಕಿದರೆ 8 ಹರ್ಟ್ಜ್. ಅದರ 1.4 ಪಟ್ಟು ದಾಟಿದ ಮೇಲಷ್ಟೇ ತಡೆ ಶುರು, ಅಂದರೆ 11ರಿಂದ ಮೇಲೆ. ಕಂಪಿಸುವಾಗ ರಬ್ಬರ್ ಇನ್ನಷ್ಟು ಬಿಗಿಯಾಗಿ ವರ್ತಿಸುವುದರಿಂದ ನಿಜವಾದ ಅಂಕಿ ಸ್ವಲ್ಪ ಹೆಚ್ಚೇ ಇರುತ್ತದೆ, ಆದರೂ ಸಾಕು. ಗಟ್ಟಿ ಪ್ಯಾಡ್ 0.1 ಮಿ.ಮೀ. ಮಾತ್ರ ಅಮುಕಿದರೆ? 50 ಹರ್ಟ್ಜ್! ಬೇಸ್ ಇರುವ ಜಾಗದಲ್ಲೇ ಕಂಪನ ತಗ್ಗುವ ಬದಲು ಹೆಚ್ಚುತ್ತದೆ. ವಾಷಿಂಗ್ ಮೆಷಿನ್‌ಗೆಂದು ಮಾರುವ ಪ್ಯಾಡ್‌ಗಳ ಪಾಡು ಇದೇ. ಅವು ಎಷ್ಟೋ ಪಟ್ಟು ಭಾರಕ್ಕೆ ಮಾಡಿದವು, ಹಗುರ ಸ್ಪೀಕರ್‌ಗೆ ಜಗ್ಗುವುದೇ ಇಲ್ಲ. ತೀರಾ ಮೆತ್ತಗಿನ ಸ್ಪಂಜು ಕೆಲವೇ ವಾರಗಳಲ್ಲಿ ಚಪ್ಪಟೆಯಾಗಿ ಹಲಗೆಗೆ ತಾಗಿಬಿಡಬಹುದು. 25 ಮಿ.ಮೀ. ಎತ್ತರದ ಪ್ಯಾಡ್ 3ರಿಂದ 5 ಮಿ.ಮೀ. ಅಮುಕಿದರೆ ಹದ.

ಸ್ಪೀಕರಿನ ಆಯಸ್ಕಾಂತ ಮುಂದಿರುವುದರಿಂದ ಭಾರವೂ ಮುಂದಕ್ಕೇ. ಕಲ್ಲಿನ ಮೇಲೆ ಸ್ಪೀಕರ್ ಇಟ್ಟು, ಇಬ್ಬರು ಹಿಡಿದುಕೊಂಡು, ಎರಡನ್ನೂ ಒಟ್ಟಿಗೆ ದುಂಡನೆಯ ಕೋಲಿನ ಮೇಲೆ ತೂಗಿಸಿ. ತೂಕ ಸಮವಾದ ಗೆರೆಯಿಂದ ಮುಂದೆ ಹಿಂದೆ ಒಂದೇ ದೂರದಲ್ಲಿ ಪ್ಯಾಡ್‌ಗಳಿರಲಿ; ಕೊನೆಗೆ ರಸಮಟ್ಟ ಇಟ್ಟು ನೋಡಿ. ರಬ್ಬರಿನ ಎಣ್ಣೆ ಪಾಲಿಶ್‌ಗೆ ಕಲೆ ಹಿಡಿಸುತ್ತದೆ, ಬಟರ್ ಪೇಪರ್ ಹಾಸಿ. ಸ್ಪೀಕರ್ 4 ಸೆಂ.ಮೀ. ಮೇಲೆದ್ದಿರುತ್ತದಲ್ಲ, ಟ್ವೀಟರ್ (ಕೀರಲು ಸ್ವರಗಳ ಚಿಕ್ಕ ಸ್ಪೀಕರ್) ಕಿವಿಯ ಮಟ್ಟಕ್ಕಿಂತ ಮೇಲೆ ಹೋದರೆ ತುಸು ಮುಂದಕ್ಕೆ ಬಾಗಿಸಿ. ಆ ಎತ್ತರದ ವ್ಯತ್ಯಾಸವನ್ನೇ ಪ್ಲಾಟ್‌ಫಾರ್ಮಿನ ಮಹಿಮೆ ಎಂದುಕೊಳ್ಳುವವರೂ ಇದ್ದಾರೆ.

ಪ್ರಶ್ನೆ: ಟೈಲ್ಸ್ ನೆಲದ ಮೇಲಿನ ಎತ್ತರದ ಸ್ಪೀಕರ್‌ಗೆ ಸ್ಪೈಕ್ (ಚೂಪು ಮೊನೆಯ ಲೋಹದ ಕಾಲು) ಹಾಕಿದರೆ ಕಂಪನ ನಿಲ್ಲುತ್ತದೆಯೇ?

ಉತ್ತರ: ಇಲ್ಲ. ಸ್ಪೈಕ್ ಸ್ಪೀಕರನ್ನು ನೆಲಕ್ಕೆ ಬಿಗಿಯಾಗಿ ಜೋಡಿಸುತ್ತದೆ, ಬೇರ್ಪಡಿಸುವುದಿಲ್ಲ. ಅದರ ಉಪಯೋಗ ಕಾರ್ಪೆಟ್ ಮೇಲೆ ಅಲುಗದಂತೆ ನಿಲ್ಲಿಸಲು. ಕಾಂಕ್ರೀಟಿನ ಗಟ್ಟಿ ನೆಲ ಹೇಗೂ ಹೆಚ್ಚು ನಡುಗದು. ಟೈಲ್ಸ್‌ಗೆ ಗೀರು ಬೀಳುವುದೊಂದೇ ಲಾಭ.

ಪ್ರಶ್ನೆ: ಸಬ್‌ವೂಫರಿನ ಸದ್ದಿಗೆ ಕೆಳಗಿನ ಫ್ಲ್ಯಾಟಿನವರು ತಕರಾರು ಮಾಡುತ್ತಿದ್ದಾರೆ.

ಉತ್ತರ: ಭಾರಕ್ಕೆ ಹೊಂದುವ ಪ್ಲಾಟ್‌ಫಾರ್ಮ್ ಇಟ್ಟರೆ ಪೆಟ್ಟಿಗೆಯಿಂದ ನೇರವಾಗಿ ಸ್ಲ್ಯಾಬಿಗಿಳಿಯುವ ನಡುಕ ಕಡಿಮೆಯಾಗುತ್ತದೆ. ಗಾಳಿಯಲ್ಲಿ ಬಂದು ಗೋಡೆ, ನೆಲವನ್ನು ಅಲುಗಿಸುವ 30–60 ಹರ್ಟ್ಜ್ ಸದ್ದು ಹಾಗೇ ಉಳಿಯುತ್ತದೆ. ಮೂಲೆಯಿಂದ ಈಚೆ ಎಳೆಯಿರಿ, ವಾಲ್ಯೂಮ್ ತಗ್ಗಿಸಿ, ಕೆಳಗಿನವರ ಮನೆಗೇ ಹೋಗಿ ಒಮ್ಮೆ ಕೇಳಿಸಿಕೊಂಡು ಬನ್ನಿ.